ಬಂಜರು ಖಾತೆಯ ಅರಸರು: ಸೇವಣ್ ಹುಲ್ಲಿನೊಂದಿಗೆ ಸಂದರ್ಶನ

ವಿಶ್ವ ಪರಿಸರ ದಿನವಾದ ಜೂನ್ 5 ಬಂದೊಡನೆ ಮುಂಗಾರಿಗೂ ಮೊದಲೇ ಥಾರ್ ಮರುಭೂಮಿಯ ಮೇಲೆ ಸಸಿ ನೆಡುವವರ ಉತ್ಸಾಹ ಸುರಿಯತೊಡಗುವುದರಿಂದ, ಜೈಸಲ್ಮೇರ್ ಸೀಮೆಯ ಹಳೆಯ ನಿವಾಸಿಯೂ ಮರುಭೂಮಿ ಹುಲ್ಲುಗಳ ರಾಜನೆಂದು ಹೆಸರಾದದ್ದೂ ಆದ ಸೇವಣ್ ಹುಲ್ಲನ್ನು ಅಂಕಣಕಾರರೊಬ್ಬರು ಸಂದರ್ಶಿಸಬೇಕಾಯಿತು. ರಾಜಗತ್ತಿನ ಈ ಹುಲ್ಲು ತನ್ನನ್ನು ಹೆಸರಿನಿಂದಲೇ ಕರೆದುಕೊಳ್ಳುತ್ತದೆ.

ಅಂಕಣಕಾರ: ವರ್ಷಕ್ಕೆ 200 ಮಿಲಿಮೀಟರೂ ಮಳೆಯಾಗದ ಕಡೆ ಇಷ್ಟು ಬಗೆಯ ಸಸ್ಯಗಳು ಕೂಡಿ ಬಾಳುವುದು ಹೇಗೆ?

ಸೇವಣ್: ಮಳೆ ಎಷ್ಟು ಎಂಬುದಷ್ಟೇ ಅಲ್ಲ, ಅದು ಯಾವಾಗ, ಎಷ್ಟು ಕಂತುಗಳಲ್ಲಿ ಬೀಳುತ್ತದೆ, ಬಿದ್ದ ನೀರನ್ನು ನೆಲ ಎಲ್ಲಿ ಇಟ್ಟುಕೊಳ್ಳುತ್ತದೆ ಎಂಬುದೂ ಇಲ್ಲಿ ಮುಖ್ಯ. ಜೇಡಿಮಣ್ಣು ನೀರನ್ನು ಮೇಲ್ಪದರದಲ್ಲೇ ಹಿಡಿದು ಬಿಸಿಲಿಗೆ ಒಪ್ಪಿಸಿದರೆ, ಮರಳು ಅದನ್ನು ಬೇಗನೆ ಆಳಕ್ಕಿಳಿಸಿ ಉಳಿಸುತ್ತದೆ. ಮಳೆನಾಡಿನಲ್ಲಿ ಬಡವೆನಿಸುವ ಮರಳು ಒಣನಾಡಿನಲ್ಲಿ ಸಿರಿವಂತವಾಗುವ ಈ ತಿರುವುಮುರುವಿಗೆ ಪರಿಸರ ವಿಜ್ಞಾನದಲ್ಲಿ ವಿಲೋಮ ಕಣರಚನಾ ಪರಿಣಾಮವೆಂದು ಹೆಸರು. ಆದ್ದರಿಂದ ಮರಳುದಿಬ್ಬದ ಮೇಲೆ ಫೋಗ್ ಪೊದೆ, ದಿಬ್ಬಗಳ ನಡುವಣ ಬಯಲಿನಲ್ಲಿ ಸೇವಣ್, ಕಲ್ಲುನೆಲದಲ್ಲಿ ಥೋರ್ ಕಳ್ಳಿ, ಮಣ್ಣು ಆಳವಾಗಿರುವಲ್ಲಿ ಖೇಜಡಿ. ಕನ್ನಡಿಗರು ಬನ್ನಿಯೆಂದು ದಸರೆಯಲ್ಲಿ ಪೂಜಿಸುವುದು ಈ ಖೇಜಡಿಯನ್ನೇ, 1983ರಿಂದ ರಾಜಸ್ಥಾನದ ರಾಜ್ಯವೃಕ್ಷವೂ ಅದೇ. 1730ರಲ್ಲಿ ಖೇಜಡಲಿ ಹಳ್ಳಿಯಲ್ಲಿ ಅದನ್ನು ಉಳಿಸಲು ಬಿಷ್ಣೋಯಿ ಸಮುದಾಯದ 363 ಮಂದಿ ತಲೆಕೊಟ್ಟರು. ಆ ತ್ಯಾಗಕ್ಕೆ ಸೇವಣ್ ತಲೆಬಾಗುತ್ತದೆ, ಆದರೆ ಹುಲ್ಲಿಗಾಗಿ ಕಿರುಬೆರಳು ಕೊಟ್ಟವರನ್ನೂ ಅದು ಕಂಡಿಲ್ಲ!

ಅಂಕಣಕಾರ: ಖೇಜಡಿಯ ನೆರಳಿನಲ್ಲಿ ಮಣ್ಣು ಫಲವತ್ತಾಗಿ ಬೇರೆ ಗಿಡಗಳೂ ಚಿಗುರುತ್ತವೆಯಲ್ಲ?

ಸೇವಣ್: ಮುಂದಿನ ಪ್ರಶ್ನೆ.

ಅಂಕಣಕಾರ: ಮೊದಲ ಮಳೆಗೇ ಎಲ್ಲ ಬೀಜಗಳೂ ಮೊಳೆಯದೆ, ಕೆಲವು ವರ್ಷಗಟ್ಟಲೆ ಮಣ್ಣಿನ ಬೀಜಭಂಡಾರದಲ್ಲಿ ಮಲಗಿರುವುದು ಬರಗಾಲಕ್ಕೆ ಮಾಡಿಕೊಂಡ ಉಳಿತಾಯವಲ್ಲವೇ?

ಸೇವಣ್: ಅದು ಒಂದೇ ಮಳೆಗಾಲ ಬಾಳುವ ಪುಡಿಗಿಡಗಳ ಲೇವಾದೇವಿ. ಹಲವು ವರ್ಷ ಬಾಳುವ ಸೇವಣ್ ತನ್ನ ಬುಡದಲ್ಲಿ ಹಾರುಮರಳನ್ನೂ ಕಸಕಡ್ಡಿಯನ್ನೂ ತಡೆದು ಗುಪ್ಪೆ ಕಟ್ಟದಿದ್ದರೆ ಆ ಬೀಜಗಳು ಗಾಳಿಪಾಲಾಗುತ್ತಿದ್ದವೆಂಬುದನ್ನು ಮಾತ್ರ ಬರೆದುಕೊಳ್ಳಿ.

ಅಂಕಣಕಾರ: ಹಾಗಾದರೆ ಮೆಕ್ಸಿಕೊ, ದಕ್ಷಿಣ ಅಮೆರಿಕದ ಕಡೆಯಿಂದ ಬಂದು, ಜೋಧಪುರ ಸಂಸ್ಥಾನದಲ್ಲಿ 1940ರಲ್ಲಿ ರಾಜವೃಕ್ಷದ ಗೌರವ ಪಡೆದು, ಆಮೇಲೆ ಕಛ್‌ನ ಬನ್ನಿ ಹುಲ್ಲುಗಾವಲನ್ನು ನುಂಗಿ, ಕರ್ನಾಟಕದ ಕೆರೆಯಂಗಳ, ಗೋಮಾಳಗಳನ್ನೂ ಬಿಡದೆ ಹಬ್ಬಿ, ತನ್ನಡಿಯಲ್ಲಿ ಬೇರೇನನ್ನೂ ಏಳಗೊಡದ ಬಳ್ಳಾರಿ ಜಾಲಿಯನ್ನು, ಸೌದೆಗಾಯಿತೆಂದು ಸಮರ್ಥಿಸುವ ಇಲಾಖೆಗಳ ಬಗ್ಗೆ ಅರಸರು ಏನೆನ್ನುತ್ತೀರಿ?

ಸೇವಣ್: ಇದು ಪ್ರಶ್ನೆಯೋ, ಫಿರ್ಯಾದೋ?

ಅಂಕಣಕಾರ: ಎರಡೂ. ಅದರ ಕಾಯಿ ತಿಂದ ದನಗಳೇ ಬೀಜವನ್ನು ಸಗಣಿಯಲ್ಲಿ ಹೊತ್ತು ಹರಡುತ್ತವೆಂದು ಎಷ್ಟು ಬರೆದರೂ...

ಸೇವಣ್: ಅಂಕಣಕಾರರೇ, ಜಾಲಿ ಬಂದದ್ದು ಹುಲ್ಲುಗಾವಲಿಗೆ ಮರವೊಂದೇ ಮದ್ದೆಂದು ನಂಬಿದವರ ಕೈಯಿಂದ. ಬಯಲನ್ನು ಕಂಡರೆ ಅದು ಕಾಡಾಗಲು ಸೋತ ನೆಲವೆಂದೇ ಅವರಿಗೆ ತೋರುತ್ತದೆ. ರಾಠಿ, ಥಾರ್‌ಪಾರ್ಕರ್ ಹಸುಗಳ ಹಾಲು ಯಾವ ಮೇವಿನಿಂದ ಬಂತು? ಗೋಡಾವಣ, ಎಂದರೆ ಅಳಿವಿನಂಚಿನ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿ, ನೆಲದ ಮೇಲೆ ಮೊಟ್ಟೆಯಿಡುವುದು ಯಾವ ಬಯಲಿನಲ್ಲಿ? ಅದರ ಪ್ರಾಣ ತೆಗೆಯುವ ವಿದ್ಯುತ್ ತಂತಿಗಳನ್ನು ನೆಲದಡಿಗೆ ಇಳಿಸಲು ಸುಪ್ರೀಂ ಕೋರ್ಟ್ 2021ರಲ್ಲಿ ಆದೇಶಿಸಿ, 2024ರಲ್ಲಿ ಅದನ್ನು ಸಡಿಲಿಸಿತು. ಹಕ್ಕಿಯ ಹೆಸರಿನಲ್ಲಿ ವಾದವಾದರೂ ನಡೆಯಿತು. ಹುಲ್ಲು ಬೆಳೆದ ನೆಲವನ್ನು ಕಂದಾಯ ದಾಖಲೆಯಲ್ಲಿ ಬಂಜರು ಎಂದು ಬರೆದಿಟ್ಟು, ಬಂಜರಾದ್ದರಿಂದ ಯಾರಿಗೂ ನಷ್ಟವಿಲ್ಲವೆಂದು ಸೌರ ಕಂಪನಿಗಳಿಗೆ ಹಂಚುತ್ತಾರೆ. ದೇವರ ಹೆಸರಿನಲ್ಲಿ ಊರವರು ಕಾದುಕೊಂಡು ಬಂದ ಓರಣಗಳಿಗೂ ಹಲವೆಡೆ ಇದೇ ಗತಿ. ಮರ ಕಡಿದರೆ ಲೆಕ್ಕಕ್ಕೆ ಒಂದು ಸಂಖ್ಯೆಯಾದರೂ ಸಿಗುತ್ತದೆ. ಬುಲ್ಡೋಜರ್ ಬೇರುಸಹಿತ ಕೆರೆದ ಹುಲ್ಲಿಗೆ ಪಂಚನಾಮೆಯೂ ಇಲ್ಲ, ಪರಿಹಾರವೂ ಇಲ್ಲ.

ಅಂಕಣಕಾರ: ಥಾರ್‌ನ ಭಡ್ಲಾದಲ್ಲಿ 2,245 ಮೆಗಾವ್ಯಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್ ಇದೆ, ಸೌರ ಫಲಕಗಳ ಸಾಲು ಪಾವಗಡದವರಿಗೂ ಪರಿಚಿತ ನೋಟ. ಫಲಕಗಳ ನೆರಳಿನಲ್ಲಿ ಹುಲ್ಲು ಬೆಳೆಯಬಹುದೆಂದು ಹೇಳುವವರಿದ್ದಾರೆ.

ಸೇವಣ್: ಎತ್ತರಕ್ಕೆ ಬೆಳೆದರೆ ಬೆಂಕಿಯ ಭಯವೆಂದು ಕೊಯ್ಯುತ್ತಾರೆ. ಕೊಯ್ಯುವ ಕೆಲಸವನ್ನು ಪುಕ್ಕಟೆಯಾಗಿ ಮಾಡಬಲ್ಲ ಕುರಿ ಬೇಲಿಯ ಆಚೆ ನಿಂತಿರುತ್ತದೆ.