ಸಮಧಿಗತ ಪಂಚಮಹಾಶಬ್ದ: ಅಭಿಮಾನಿಯ ಸ್ವಪರಿಚಯದ ಶಾಸನಶಾಸ್ತ್ರೀಯ ವಿವೇಚನೆ

ಮನುಷ್ಯನು ತನ್ನ ಪರಿಚಯ ಹೇಳಿಕೊಳ್ಳುವಾಗ ತನ್ನ ಸಂಗತಿಯೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಹೇಳುತ್ತಾನೆ ಎಂಬುದು ಪ್ರಸ್ತುತ ಪ್ರಬಂಧದ ಪ್ರತಿಜ್ಞೆ. ಪೂರ್ವಪಕ್ಷದವರು, ಅಂದರೆ ಮದುವೆಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುತ್ತ ಕೂತ ಹಿರಿಯರು, ಇದನ್ನು ಒಪ್ಪುವುದಿಲ್ಲ. ಅವರ ವಾದ ಹೀಗಿದೆ: "ನಮ್ಮ ಕಾಲದಲ್ಲಿ ಹೆಸರು ಕೇಳಿದರೆ ಹೆಸರು ಹೇಳ್ತಿದ್ವಿ, ಅಪ್ಪನ ಹೆಸರು ಹೇಳ್ತಿದ್ವಿ, ಊರು ಹೇಳ್ತಿದ್ವಿ. ಈಗಿನ ಮಕ್ಕಳು ಯಾವುದೋ ಬ್ಯಾಂಡಿನ ಹೆಸರು ಹೇಳ್ತವೆ. ಎಲ್ಲ ಕೊರಿಯಾದಿಂದ ಬಂದ ರೋಗ." ಈ ವಾದದಲ್ಲಿ ಎರಡು ದೋಷಗಳಿವೆ. ಹಿರಿಯರು ಬರೀ ಹೆಸರು ಕೇಳಿ ಸುಮ್ಮನಾದ ನಿದರ್ಶನ ಕನ್ನಡನಾಡಿನ ಯಾವ ಮದುವೆಮನೆಯಲ್ಲೂ ಸಿಗುವುದಿಲ್ಲ, ಅದರ ಬೆನ್ನಿಗೇ "ಯಾರ ಪೈಕಿ?" ಬಂದೇ ಬರುತ್ತದೆ. ಇನ್ನು ಬ್ಯಾಂಡು ಹೇಳಿ ಪರಿಚಯ ಮಾಡಿಕೊಳ್ಳುವ ಪದ್ಧತಿ ಸಿಯೋಲ್‌ನಲ್ಲಿ ಹುಟ್ಟಿದ್ದೇ ಅಲ್ಲ. ಸವದತ್ತಿ, ಹಾನಗಲ್ಲು, ಹಳೇಬೀಡಿನ ಕಡೆ ಅದು ಸಾವಿರ ವರ್ಷದ ಆಚೀಚೆಯಿಂದ ಕಲ್ಲಿನ ಮೇಲೆ ನಿಂತಿದೆ.

ಆಧಾರ ಕೊಡುತ್ತೇನೆ. ಕನ್ನಡ ಶಾಸನಗಳಲ್ಲಿ ಸಾಮಂತನೊಬ್ಬ ಪ್ರವೇಶಿಸುವಾಗ ಅವನ ಹೆಸರಿಗಿಂತ ಬಹಳ ಮುಂಚೆ "ಸಮಧಿಗತ ಪಂಚಮಹಾಶಬ್ದ" ಎಂಬ ವಿಶೇಷಣ ಬರುತ್ತದೆ. ಐದು ಮಹಾವಾದ್ಯಗಳನ್ನು ತನ್ನ ಮುಂದೆ ನುಡಿಸಿಕೊಂಡು ಹೋಗುವ ಹಕ್ಕನ್ನು ಪಡೆದವನು ಎಂದು ಇದರ ತಾತ್ಪರ್ಯ. ಯಾವ ಐದು ಎಂಬುದಕ್ಕೆ 'ವಿವೇಕಚಿಂತಾಮಣಿ' ಪಟ್ಟಿ ಕೊಡುತ್ತದೆ: ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ. ಸಂಗೀತ ವಿಮರ್ಶೆಯ ದೃಷ್ಟಿಯಿಂದ ನೋಡಿದರೆ ಇದು ಐವರ ತಂಡ. ಬಡಿತದ ವಿಭಾಗ ಬಲವಾಗಿದೆ, ಊದುವವರು ಇಬ್ಬರಿದ್ದಾರೆ, ಹಾಡುವವರು ಯಾರೂ ಇಲ್ಲ. ಸಾಮಂತನಿಗೆ ಇವುಗಳಲ್ಲಿ ಒಂದನ್ನಾದರೂ ನುಡಿಸಲು ಬರುತ್ತಿತ್ತೆಂದು ಶಾಸನಗಳು ಹೇಳಿಕೊಳ್ಳುವುದಿಲ್ಲ. ಗಿಟಾರಿನ ತಂತಿ ಎಷ್ಟೆಂದು ತಿಳಿಯದ ರಾಕ್ ಅಭಿಮಾನಿಯ ಪೂರ್ವಜ ಇಲ್ಲಿ ಸಿಕ್ಕಿದ.

ಸವದತ್ತಿಯ ರಟ್ಟರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ತಮ್ಮ ಮುಂದೆ ಮೊಳಗುವುದು ತ್ರಿವಳಿ ಎಂಬ ವಾದ್ಯ, ತಮ್ಮ ಧ್ವಜ ಚಿನ್ನದ ಗರುಡ ಎಂದು ಅವರು ತಮ್ಮ ಶಾಸನಗಳಲ್ಲಿ ಹೇಳಿಸಿದರು. ಹಾನಗಲ್ಲಿನ ಕದಂಬರಿಗೆ ತ್ರಿವಳಿ ಸಲ್ಲದು, ಅವರದು ಪೆರ್ಮಟ್ಟಿ, ಧ್ವಜದಲ್ಲಿ ಕಪಿ. ಅಂದರೆ ದೂರದಲ್ಲಿ ಧೂಳೆದ್ದು ಸದ್ದು ಕೇಳಿದರೆ ಸಾಕು, ಬರುತ್ತಿರುವವರು ಯಾವ ಪಂಗಡದವರೆಂದು ಹಾದಿಯವರಿಗೆ ಗೊತ್ತಾಗುತ್ತಿತ್ತು. ಇಂದು ಮೆಟ್ರೋದಲ್ಲಿ ಪಕ್ಕದವನ ಇಯರ್‌ಫೋನಿನಿಂದ ಸೋರುವ ಸದ್ದು ಮಾಡುವ ಕೆಲಸವೂ ಇದೇ.

ಅದಕ್ಕಿಂತ ಸ್ವಾರಸ್ಯದ ಸಂಗತಿ ಊರಿನದು. ರಟ್ಟರು ಆಳುತ್ತಿದ್ದದ್ದು ಸವದತ್ತಿಯಿಂದ, ಆಮೇಲೆ ಬೆಳಗಾವಿಯಿಂದ. ಹೇಳಿಕೊಂಡದ್ದು ಮಾತ್ರ "ಲಟ್ಟಲೂರ್ ಪುರವರಾಧೀಶ್ವರ" ಎಂದು. ಲಟ್ಟಲೂರು ಎಂದರೆ ಇವತ್ತಿನ ಮಹಾರಾಷ್ಟ್ರದ ಲಾತೂರು. ಹಾನಗಲ್ಲಿನಲ್ಲಿ ಕೂತವರು "ಬನವಾಸಿ ಪುರವರಾಧೀಶ್ವರ"ರು. ದಾವಣಗೆರೆಯ ವಿದ್ಯಾನಗರದಲ್ಲಿ ಪಿಜಿಯಲ್ಲಿರುವ ಹುಡುಗಿ ತನ್ನ ಪರಿಚಯದಲ್ಲಿ ಊರು ಎಂಬ ಜಾಗದಲ್ಲಿ 'ಸಿಯೋಲ್' ಎಂದು ಬರೆದರೆ ಅದು ಸುಳ್ಳಲ್ಲ, ಪುರವರಾಧೀಶ್ವರ ಸಂಪ್ರದಾಯ.

ಈಗ ಕ್ಷೇತ್ರಕಾರ್ಯ. ಮಾಹಿತಿದಾರಳು ಪ್ರಬಂಧಕಾರನ ಅಣ್ಣನ ಮಗಳು, ಪದವಿ ವಿದ್ಯಾರ್ಥಿನಿ. ಅವಳು ತನ್ನ ಬಗ್ಗೆ ಬರೆದುಕೊಂಡಿದ್ದ ಶಾಸನದ ಪಾಠ ಇದು: "ಆರ್ಮಿ, 2018ರಿಂದ. ಓಟಿ7. ಬಯಾಸ್ ಯೂಂಗಿ, ರೆಕರ್ ಜಿಮಿನ್. ಘಿಬ್ಲಿ. ರಾವೆನ್‌ಕ್ಲಾ. ಕಾಫಿ. ಮೆಸೇಜ್ ಮಾಡ್ಬೇಡಿ."

ಪಾಠ ಖಿಲವಾಗಿಲ್ಲ, ಆದರೂ ಅರ್ಥ ಹಿಡಿಯಲು ವ್ಯಾಖ್ಯಾನ ಬೇಕು. ಬಿಟಿಎಸ್ ಎಂಬುದು 2013ರ ಜೂನ್ 13ರಂದು ರಂಗಕ್ಕೆ ಬಂದ ಏಳು ಹುಡುಗರ ಕೊರಿಯನ್ ತಂಡ. ಅದರ ಅಭಿಮಾನಿ ಸಮೂಹಕ್ಕೆ ಆರ್ಮಿ ಎಂದು ಹೆಸರು. ಓಟಿ7 ಎಂದರೆ ಏಳೂ ಜನರಿಗೆ ಸಮಾನ ನಿಷ್ಠೆ. ಬಯಾಸ್ ಎಂದರೆ ಆ ಸಮಾನರಲ್ಲಿ ಹೆಚ್ಚು ಸಮಾನನಾದವನು. ರೆಕರ್ ಎಂದರೆ ಈ ನಿಷ್ಠೆಯನ್ನು ಆಗಾಗ ಕದಡುವವನು. ಘಿಬ್ಲಿ ಜಪಾನಿನ ಅನಿಮೇಷನ್ ಚಿತ್ರಗಳ ಸ್ಟುಡಿಯೋ, ರಾವೆನ್‌ಕ್ಲಾ ಹ್ಯಾರಿ ಪಾಟರ್ ಕಥೆಯ ಶಾಲೆಯಲ್ಲಿ ಒಂದು ಮನೆ. ನಮ್ಮ ಪರಿಭಾಷೆಯಲ್ಲಿ ಏಳೂ ಮಂದಿ ಮನೆದೇವರು, ಯೂಂಗಿ ಇಷ್ಟದೈವ, ಜಿಮಿನ್ ಪಕ್ಕದೂರಿನ ಜಾತ್ರೆಯ ದೇವರು.

"ಏಳೂ ಮುಖ ನನಗೆ ಒಂದೇ ಥರ ಕಾಣ್ತವಲ್ಲಮ್ಮಾ" ಎಂದು ಪ್ರಬಂಧಕಾರನು ಆಕ್ಷೇಪವೆತ್ತಿದ.

"ನೀವು ಸಪ್ತಮಾತೃಕೆಯರನ್ನ ಹೆಂಗೆ ಗುರುತು ಹಿಡೀತೀರ ಚಿಕ್ಕಪ್ಪಾ?"

"ಪೀಠದಲ್ಲಿ ವಾಹನ ಇರುತ್ತೆ. ಹಂಸ ಇದ್ರೆ ಬ್ರಾಹ್ಮಿ, ನವಿಲಿದ್ರೆ ಕೌಮಾರಿ."

"ಇಲ್ಲಿ ಕೂದಲ ಬಣ್ಣ. ಆದ್ರೆ ಅದು ಆಲ್ಬಮ್ಮಿಗೊಂದ್ಸಲ ಬದಲಾಗುತ್ತೆ, ಸ್ವಲ್ಪ ಓದ್ಕೋಬೇಕು."

"ಸರಿ, ನಿನ್ನ ಹೆಸರೇ ಎಲ್ಲೂ ಇಲ್ಲವಲ್ಲ?"

"ಹೆಸರಿಂದ ಏನ್ ಗೊತ್ತಾಗುತ್ತೆ ಚಿಕ್ಕಪ್ಪಾ?"

ಈ ಉತ್ತರವನ್ನು ಉದ್ಧಟತನವೆಂದು ಎಣಿಸಬಾರದು. ಪ್ರಶಸ್ತಿ ಭಾಗವುಳ್ಳ ಶಾಸನ ಯಾವುದನ್ನೇ ತೆಗೆದುಕೊಳ್ಳಿ, ಬಿರುದುಗಳ ಸಾಲು ಹರಿದು ಹರಿದು, ಓದುವವನ ಉಸಿರು ಕಟ್ಟಿದ ಮೇಲೆ, ಕಟ್ಟಕಡೆಗೆ ವ್ಯಕ್ತಿಯ ಹೆಸರು ಬರುತ್ತದೆ. ಅಷ್ಟು ಹೊತ್ತಿಗೆ ಅದು ಬೇಕಿರುವುದಿಲ್ಲ. ನಮ್ಮ ಮಾಹಿತಿದಾರಳು ಆ ಬೇಡದ ಭಾಗವನ್ನು ಕೈಬಿಟ್ಟಿದ್ದಾಳೆ, ಅಷ್ಟೆ. ಅವಳ ಪಾಠವನ್ನು ಮೂಲ ಶೈಲಿಗೆ ತಿರುಗಿಸಿದರೆ ಹೀಗಾಗುತ್ತದೆ: ಸ್ವಸ್ತಿ ಸಮಧಿಗತ ಸಪ್ತಮಹಾಶಬ್ದೆ, ಸಿಯೋಲ್‌ಪುರವರಾಧೀಶ್ವರಿ, ನೇರಳೆಧ್ವಜವಿರಾಜಿತೆ, ಯೂಂಗಿಪಾದಪದ್ಮೋಪಜೀವಿನಿ, ಜಿಮಿನ್‌ದರ್ಶನಚಂಚಲಚಿತ್ತೆ, ಘಿಬ್ಲಿಚಿತ್ರಾವಲೋಕನತತ್ಪರೆ, ರಾವೆನ್‌ಕ್ಲಾಕುಲಾಂಬರದ್ಯುಮಣಿ, ಕಾಫಿಪಾನಪರಿಣತೆ, ಅಪರಿಚಿತಸಂದೇಶನಿವಾರಿಣಿ.

ಪಂಚಮಹಾಶಬ್ದದ ಇನ್ನೊಂದು ಲಕ್ಷಣವನ್ನು ವಿದ್ವಾಂಸರು ಗಮನಿಸಬೇಕು. ಈ ವಾದ್ಯಗಳನ್ನು ಸಾಮಂತ ಸಂತೆಯಲ್ಲಿ ಕೊಂಡು ತರುವಂತಿರಲಿಲ್ಲ. ಹಕ್ಕು ಸಾರ್ವಭೌಮನಿಂದ ಬರಬೇಕು. ಬಿಟಿಎಸ್ ಅಭಿಮಾನಿಯ ಕೈದೀಪಕ್ಕೆ ಆರ್ಮಿ ಬಾಂಬ್ ಎನ್ನುತ್ತಾರೆ. ಅದನ್ನೂ ಕಂಪನಿಯೇ ಕೊಡಬೇಕು, ನಕಲಿ ಹಿಡಿದವರಿಗೆ ಸಭೆಯಲ್ಲಿ ಮರ್ಯಾದೆ ಇಲ್ಲ. ಗೋಷ್ಠಿಯ ಮೈದಾನದಲ್ಲಿ ಇವೆಲ್ಲ ದೀಪಗಳು ಬ್ಲೂಟೂತ್ ಮೂಲಕ ಒಂದೇ ಕಡೆಯಿಂದ ನಿಯಂತ್ರಣಗೊಂಡು, ಸಾವಿರಾರು ಕೈಗಳಲ್ಲಿ ಒಮ್ಮೆಗೇ ಬಣ್ಣ ಬದಲಿಸುತ್ತವೆ. ಕಲ್ಯಾಣದ ಆರನೇ ವಿಕ್ರಮಾದಿತ್ಯನಿಗೆ ಸಾಮಂತರ ಭೇರಿಗಳನ್ನು ಅರಮನೆಯಲ್ಲಿ ಕೂತೇ ಬಾರಿಸುವ ಈ ಅನುಕೂಲವಿದ್ದಿದ್ದರೆ ಹೊಯ್ಸಳರು ಸ್ವತಂತ್ರರಾಗುವುದು ಕಷ್ಟವಾಗುತ್ತಿತ್ತು. ಆ ಹೊಯ್ಸಳರಾದರೂ ಒಡೆಯನ 'ತ್ರಿಭುವನಮಲ್ಲ' ಬಿರುದನ್ನು ತಮ್ಮ ಹೆಸರಿನ ಮುಂದೆ ಹಚ್ಚಿಕೊಂಡೇ ಬೆಳೆದವರು. ಇಂದು ತನ್ನ ಹೆಸರಿನ ಪಕ್ಕ ಆರಾಧ್ಯನ ಮನೆತನದ ಹೆಸರು ಅಂಟಿಸಿಕೊಂಡ ರಮ್ಯಾ ಕಿಮ್, ಸಿಂಚನಾ ಜಿಯೋನ್ ಮುಂತಾದವರನ್ನು ನೋಡಿ ನಗುವವರು ವಿಷ್ಣುವರ್ಧನನನ್ನೂ ನೋಡಿ ನಗಬೇಕಾಗುತ್ತದೆ.

ನಿಷ್ಠೆಯ ಪರಾಕಾಷ್ಠೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿ ಒಂದು ಸ್ತಂಭವಿದೆ. ಎರಡನೇ ವೀರಬಲ್ಲಾಳನ ಗರುಡನಾಗಿದ್ದ, ಅಂದರೆ ಒಡೆಯನೊಡನೆ ಸಾಯುವ ಪಣ ತೊಟ್ಟ ಅಂಗರಕ್ಷಕನಾಗಿದ್ದ, ಕುವರ ಲಕ್ಷ್ಮ ಕೊಟ್ಟ ಮಾತಿನಂತೆ ದೊರೆಯ ಜೊತೆಗೇ ಪ್ರಾಣ ಬಿಟ್ಟದ್ದನ್ನು ಅದು ಹೇಳುತ್ತದೆ. ಇಂದಿನ ಗರುಡರು "ನಿಂಗೋಸ್ಕರ ಸಾಯ್ತೀನಿ" ಎಂದು ಬರೆದು, ಹಾಸ್ಟೆಲಿನ ಮೆಸ್ಸಿನಲ್ಲಿ ಚಪಾತಿ ಮುಗಿಯುವುದರೊಳಗೆ ಊಟಕ್ಕೆ ಹೋಗುತ್ತಾರೆ. ನಾಗರಿಕತೆ ಮುಂದುವರಿದಿಲ್ಲ ಎನ್ನುವವರಿಗೆ ಇದು ಉತ್ತರ.

ಲೋಹಸಂಗೀತದವರದು, ಅಂದರೆ ಮೆಟಲ್ ಪಂಗಡದವರದು, ಬೇರೆ ಶಾಖೆ. ಇವರ ಬಿರುದುಗಳು ನಾಣ್ಯಶಾಸ್ತ್ರಕ್ಕೆ ಹತ್ತಿರ. 1116ರಲ್ಲಿ ಚೋಳರಿಂದ ತಲಕಾಡು ಗೆದ್ದ ವಿಷ್ಣುವರ್ಧನ ತನ್ನ ಚಿನ್ನದ ನಾಣ್ಯದ ಮೇಲೆ ಕನ್ನಡದಲ್ಲಿ 'ಶ್ರೀ ತಳಕಾಡುಗೊಂಡ' ಎಂದೇ ಅಚ್ಚು ಹಾಕಿಸಿದ; ಹೆಸರಿನ ಗೊಡವೆಗೆ ಹೋಗಲಿಲ್ಲ. ಬೆಂಗಳೂರಿನ ಕರಿಯಂಗಿಯ ಅಭಿಮಾನಿಗೂ ಹೋದದ್ದೇ ಗೆದ್ದದ್ದು. 2007ರ ಮಾರ್ಚಿನಲ್ಲಿ ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂದಿತು, 2011ರ ಅಕ್ಟೋಬರ್ 30ರಂದು ಮೆಟಾಲಿಕಾ. ಆ ಎರಡೂ ದಿನ ಒಳಗಿದ್ದವನು ಇವತ್ತು ಯಾವುದೋ ಐಟಿ ಕಂಪನಿಯಲ್ಲಿ ಮ್ಯಾನೇಜರನಾಗಿ, ತಲೆಗೂದಲು ಕಳೆದುಕೊಂಡು, ಮಗಳ ಪೇರೆಂಟ್ಸ್ ಮೀಟಿಂಗಿನಲ್ಲಿ ಕೂತಿದ್ದರೂ, ಪರಿಚಯದ ಮೂರನೇ ವಾಕ್ಯಕ್ಕೆ 'ಮೇಡನ್‌ಗೊಂಡ ಮೆಟಾಲಿಕಾಗೊಂಡ ಅರಮನೆಮೈದಾನದೊಳ್ಗಂಡ' ಆಗಿಬಿಡುತ್ತಾನೆ. 2012ರಲ್ಲಿ ಬೆಂಗಳೂರಿಗೆ ಬಂದವರು ಅವನೆದುರು ತಲೆ ತಗ್ಗಿಸಬೇಕು.

ಆಟೋ ಶಾಸನಗಳನ್ನು ಬಿಟ್ಟರೆ ಈ ಅಧ್ಯಯನ ಅಪೂರ್ಣವಾದೀತು. ಶಂಕರ್‌ನಾಗ್ 'ಆಟೋ ರಾಜ' ಮಾಡಿದ್ದು 1980ರಲ್ಲಿ, ತೀರಿಕೊಂಡದ್ದು 1990ರ ಸೆಪ್ಟೆಂಬರ್ 30ರಂದು. ಆಮೇಲೆ ಹುಟ್ಟಿದ ಹುಡುಗರೂ ಆಟೋದ ಬೆನ್ನಿಗೆ ಅವರ ಚಿತ್ರ ಹಾಕಿಸಿ, ಅದನ್ನೇ ತಮ್ಮ ಪರಿಚಯವಾಗಿ ನಗರದ ತುಂಬ ಓಡಿಸುತ್ತಿದ್ದಾರೆ. ಮೀಟರಿಗಿಂತ ಹೆಚ್ಚು ಕೇಳಿದರೂ ಚಿತ್ರ ನೋಡಿ ಕ್ಷಮಿಸಿಬಿಡುವ ಪ್ರಯಾಣಿಕರಿದ್ದಾರೆ, ನಾನೂ ಒಬ್ಬ. ಡಾ. ರಾಜ್‌ಕುಮಾರ್ ಅವರಂತೂ ಅಭಿಮಾನಿಗಳನ್ನೇ ದೇವರೆಂದು ಕರೆದು ಒಡೆಯ ಯಾರು, ಸಾಮಂತ ಯಾರು ಎಂಬ ಲೆಕ್ಕವನ್ನೇ ತಲೆಕೆಳಗು ಮಾಡಿದರು. ಶಾಸನಶಾಸ್ತ್ರದಲ್ಲಿ ಇದಕ್ಕೆ ಪೂರ್ವನಿದರ್ಶನವಿಲ್ಲ. ಯಾವ ಚಕ್ರವರ್ತಿಯೂ ಮಹಾಮಂಡಲೇಶ್ವರರಿಗೆ ಕೈಮುಗಿದು ಮಾತು ಶುರುಮಾಡಿದ್ದಿಲ್ಲ.

ಆದರೆ ಈ ಪ್ರಬಂಧದ ನಿಜವಾದ ನಾಯಕರು ಜಯಚಾಮರಾಜ ಒಡೆಯರು. 1940ರಲ್ಲಿ ಪಟ್ಟಕ್ಕೆ ಬಂದ ಅವರಿಗೆ ಬಿರುದುಗಳ ಕೊರತೆ ಇರಲಿಲ್ಲ, ಉದ್ದದ ಸಾಲೇ ವಂಶದಿಂದ ಬಂದಿತ್ತು. ಸ್ವಂತ ಕರ್ನಾಟಕ ಸಂಗೀತ ರಚನೆಗಳೂ ತೊಂಬತ್ತನ್ನು ಮೀರಿದ್ದವು. ಇಷ್ಟಿದ್ದೂ ಅವರು ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತಗಾರನ ಅಭಿಮಾನಿಯಾದರು. ಮೆಟ್ನರ್ ರಖ್ಮಾನಿನೊವ್‌ನ ಗೆಳೆಯ, ಲಂಡನ್ನಿನಲ್ಲಿ ನೆಲೆಸಿದ್ದವ, ಕೊನೆಗಾಲದಲ್ಲಿ ಆರೋಗ್ಯವೂ ಇಲ್ಲ, ದುಡ್ಡೂ ಇಲ್ಲ, ಕೇಳುವವರೂ ಹೆಚ್ಚಿಲ್ಲ. ಸಾಮಾನ್ಯ ಅಭಿಮಾನಿ ರೆಕಾರ್ಡು ಕೊಳ್ಳುತ್ತಾನೆ. ಈ ಅಭಿಮಾನಿ ಮೆಟ್ನರ್ ಸೊಸೈಟಿ ಎಂಬುದನ್ನೇ ಕಟ್ಟಿ, ಹಣ ಕೊಟ್ಟು, ಮುದಿ ಸಂಗೀತಗಾರ ತನ್ನ ಕೃತಿಗಳನ್ನು ತಾನೇ ನುಡಿಸುವ ರೆಕಾರ್ಡುಗಳನ್ನು ಎಚ್‌ಎಂವಿಯಿಂದ ಮಾಡಿಸಿದರು. ಮೆಟ್ನರ್ ತನ್ನ ಮೂರನೇ ಪಿಯಾನೋ ಕಾನ್ಸರ್ಟೋವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ. 1951ರಲ್ಲಿ ತೀರಿಕೊಂಡ. ಅದಕ್ಕೆ ಹಿಂದಿನ ವರ್ಷ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರೌಸ್‌ನ ಕೊನೆಯ ನಾಲ್ಕು ಹಾಡುಗಳ ಮೊದಲ ಪ್ರಯೋಗ ನಡೆದಾಗ ನಷ್ಟವಾದರೆ ತುಂಬಿಕೊಡುವ ಹೊಣೆಯನ್ನೂ ಮಹಾರಾಜರೇ ಹೊತ್ತರು.

ಗಮನಿಸಬೇಕಾದದ್ದು ಇಷ್ಟು: ಯದುವಂಶ, ಸಿಂಹಾಸನ, ಗಂಡಭೇರುಂಡ ಎಲ್ಲವೂ ಅವರಿಗೆ ಹುಟ್ಟಿನಿಂದ ಬಂದವು. ಮೆಟ್ನರ್ ಒಬ್ಬನನ್ನು ಅವರು ತಾವಾಗಿ ಹುಡುಕಿಕೊಂಡರು. ಮನುಷ್ಯನ ಬಿರುದಾವಳಿಯಲ್ಲಿ ಅವನನ್ನೇ ನಿಜಕ್ಕೂ ತೋರಿಸುವ ಸಾಲು ಒಂದಿದ್ದರೆ ಅದು ಇಂಥದ್ದು, ಎಂದು ಈ ಪ್ರಬಂಧಕಾರನ ಸಿದ್ಧಾಂತ.

ಸಿದ್ಧಾಂತಕ್ಕೆ ಇತ್ತೀಚೆಗೆ ಪ್ರಯೋಗದ ಬೆಂಬಲವೂ ಸಿಕ್ಕಿತು. ನೆಂಟರ ಗೃಹಪ್ರವೇಶದಲ್ಲಿ ದೂರದ ದೊಡ್ಡಪ್ಪನೊಬ್ಬರು ಮಾಹಿತಿದಾರಳ ಗೆಳತಿಯನ್ನು ತಡೆದು ಎಂದಿನಂತೆ "ನೀನು ಯಾರ ಪೈಕಿ ಮಗಾ?" ಎಂದರು. "ಆರ್ಮಿ ಪೈಕಿ ಅಂಕಲ್" ಎಂದಳು ಅವಳು. ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಓಹೋ, ಕೊಡಗಿನ ಕಡೆಯವರೋ" ಎಂದು ಹೋಳಿಗೆ ಬಡಿಸುವ ಕಡೆ ತಿರುಗಿದರು. ತಲೆತಲಾಂತರದಿಂದ ಗುರಿ ತಪ್ಪದ ಒಂದು ಪ್ರಶ್ನೆ ಹೀಗೆ ದಾರಿ ತಪ್ಪಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಹಾಗೆಂದು ಅಭಿಮಾನಿಗಳ ರಾಜ್ಯದಲ್ಲಿ ಎಲ್ಲರೂ ಸಮಾನರೆಂದು ಬರೆದರೆ ಸಂಶೋಧನೆಗೆ ಅಪಚಾರ. ಬಾಗಿಲಿನಿಂದ ಹೊರಹಾಕಿದ್ದು ಕಿಟಕಿಯಿಂದ ಒಳಗೆ ಬಂದಿದೆ. ಹ್ಯಾರಿ ಪಾಟರ್ ಮಂದಿಯಲ್ಲಿ ಮನೆಗಳು ನಾಲ್ಕು, ಯಾರು ಯಾವುದಕ್ಕೆ ಎಂದು ಒಂದು ಟೋಪಿ ತೀರ್ಮಾನಿಸುತ್ತದೆ. ಸಂಖ್ಯೆ ನಾಲ್ಕೇ ಏಕೆ ಎಂದು ಬಿಡಿಸಿ ಹೇಳಬೇಕಿಲ್ಲ. ಆರ್ಮಿಯಲ್ಲಿ 2013ರವರು ಮೂಲನಿವಾಸಿಗಳು, 2020ರ 'ಡೈನಮೈಟ್' ಕೇಳಿ ಸೇರಿದವರು ವಲಸಿಗರು. ಎಲ್ಲಕ್ಕಿಂತ ಕೆಟ್ಟದ್ದು ಟೀಶರ್ಟ್ ಪರೀಕ್ಷೆ. ಹುಡುಗಿಯೊಬ್ಬಳು ಕಮರ್ಷಿಯಲ್ ಸ್ಟ್ರೀಟಿನಲ್ಲಿ ಚೌಕಾಸಿ ಮಾಡಿ ಕೊಂಡ, ನಿರ್ವಾಣ ಎಂಬ ಬ್ಯಾಂಡಿನ ಹೆಸರಿನ ಅಂಗಿ ತೊಟ್ಟು ಬಂದರೆ, ಗಡ್ಡದ ಹುಡುಗನೊಬ್ಬ ಎಲ್ಲಿಂದಲೋ ಪ್ರತ್ಯಕ್ಷನಾಗಿ "ಹಾಗಾದ್ರೆ ಮೂರು ಹಾಡು ಹೇಳು ನೋಡೋಣ" ಎನ್ನುತ್ತಾನೆ. ರಟ್ಟರ ಗರುಡಧ್ವಜ ನೋಡಿ "ಲಟ್ಟಲೂರಿನ ಮೂರು ಬೀದಿ ಹೇಳು" ಎಂದು ಅಂದಿನ ಯಾವನೂ ಕೇಳಲಿಲ್ಲ. ಕೇಳಿದ್ದರೆ ಅವನದೂ ಒಂದು ಶಾಸನ ಇರುತ್ತಿತ್ತು, ವೀರಗಲ್ಲಿನ ರೂಪದಲ್ಲಿ.

ಆದಕಾರಣ ತೀರ್ಪು ಹೀಗಿದೆ. ಎದುರಿನವರು ತಮ್ಮ ಬ್ಯಾಂಡು ಯಾವುದು, ನಟ ಯಾರು, ಮನೆ ಯಾವುದು ಎಂದು ಹೇಳಿದರೆ ಅದನ್ನು ದತ್ತಿಯಂತೆ ಸ್ವೀಕರಿಸಿ "ಹೌದಾ, ಯಾವ ಹಾಡಿಂದ ಶುರು ಮಾಡ್ಲಿ?" ಎಂದು ಕೇಳತಕ್ಕದ್ದು. ಪರೀಕ್ಷೆ ಮಾಡತಕ್ಕದ್ದಲ್ಲ. ಶಾಸನ ಮರ್ಯಾದೆಯಂತೆ ಶಾಪಾಶಯವನ್ನೂ ಸೇರಿಸಿದೆ: ಈ ಧರ್ಮಕ್ಕೆ ಅಳುಪಿದವರು ತಮ್ಮ ಪ್ರಾಣಪ್ರಿಯ ತಂಡ ಬೆಂಗಳೂರಿಗೆ ಬಂದ ದಿನ ಹೆಬ್ಬಾಳದ ಫ್ಲೈಓವರಿನ ಮೇಲೆ ಸಿಕ್ಕಿಕೊಂಡು, ಇಡೀ ಕಾರ್ಯಕ್ರಮವನ್ನು ಬೇರೆಯವರ ಸ್ಟೇಟಸ್ಸಿನಲ್ಲಿ ನೋಡುವಂತಾಗಲಿ.