ಯರಗೇರಾ ಸೀಮೆಯ ಮಾನವ ಸಂಪನ್ಮೂಲ ನಿರ್ವಹಣೆ: ಒಂದು ಟಂಟಂ-ಕೇಂದ್ರಿತ ಅಧ್ಯಯನ

ಸಾರಲೇಖ: ರಾಯಚೂರು ಜಿಲ್ಲೆಯ ಯರಗೇರಾ, ಮಾನ್ವಿ, ದೇವದುರ್ಗ ಪರಿಸರದ ಪ್ರತಿಭಾ ಸಂಪಾದನೆ, ಪ್ರತಿಭಾ ಪೋಷಣೆ ಹಾಗೂ ಪ್ರತಿಭಾ ಧಾರಣೆಯ ಬಹುಸ್ತರೀಯ ಪ್ರಕ್ರಿಯೆಗಳನ್ನು ಸಮಗ್ರ ಪರಿಪ್ರೇಕ್ಷ್ಯದಲ್ಲಿ ಅನುಸಂಧಾನಗೈಯುವ ವಿನಮ್ರ ಪ್ರಯತ್ನವೇ ಪ್ರಸ್ತುತ ಪ್ರಬಂಧ. ಸಂಶೋಧನಾ ವಿಧಾನ: ಕ್ರಾಸಿನಲ್ಲಿ ನಿಂತು ನೋಡುವುದು. ಮಾದರಿ: ಕಣ್ಣಿಗೆ ಬಿದ್ದವರು. ಪ್ರೇರಣೆ: ಫ್ಯಾನು ತಿರುಗದ ಹಾಲಿನಲ್ಲಿ ಕೂತು ಕೇಳಿದ ಒಂದು 'ಸಾಮರ್ಥ್ಯ ವರ್ಧನಾ ಕಾರ್ಯಾಗಾರ'. ಅಲ್ಲಿ ಹಂಚಿದ ಪ್ಲಾಸ್ಟಿಕ್ ಫೈಲು, ಪೆನ್ನು ಹಾಗೂ ಬಿಸ್ಕೀಟಿಗೆ ಲೇಖಕರು ಋಣಿ.

1.0 ಪ್ರತಿಭಾ ಸಂಪಾದನೆ

ಈ ಸೀಮೆಯ ಮುಖ್ಯ ಮಾನವ ಸಂಪನ್ಮೂಲ ಅಧಿಕಾರಿಗೆ ಮೇಸ್ತ್ರಿ ಎನ್ನುತ್ತಾರೆ. ಆತನಿಗೆ ಎಂಬಿಎ ಇಲ್ಲ, ಬೈಕ್ ಇದೆ. ಅರ್ಜಿ, ಬಯೋಡೇಟಾ, ಸಂದರ್ಶನ ಎಂಬ ಮೂರೂ ಹಂತಗಳನ್ನು 'ಮನ್ಯಾಗಿಂದ ಎಷ್ಟ್ ಮಂದಿ ಬರ್ತೀರಿ?' ಎಂಬ ಒಂದೇ ಪ್ರಶ್ನೆಯಲ್ಲಿ ಮುಗಿಸುತ್ತಾನೆ. ಬೆಂಗಳೂರಿನ ಕಂಪನಿಗಳು ಈಚೆಗೆ ಕಂಡುಹಿಡಿದಿರುವ ಸೇರ್ಪಡೆ ಬೋನಸ್ ಇಲ್ಲಿ ಅಜ್ಜನ ಕಾಲದಿಂದಲೂ ಇದೆ, ಮುಂಗಡ ಎಂಬ ಹೆಸರಿನಲ್ಲಿ. ಅಲ್ಲಿ ಬೋನಸ್ ಪಡೆದವನು ಕಂಪನಿ ಬಿಡಬಹುದು. ಇಲ್ಲಿ ಮುಂಗಡ ತೀರೋತನಕ ಸೈಟ್ ಬಿಡುವಂತಿಲ್ಲ. ಶಾಸ್ತ್ರದಲ್ಲಿ ಇದು 'ಪ್ರತಿಭಾ ಧಾರಣೆ'. 1976ರ ಕಾನೂನು ಇದನ್ನೇ ಜೀತ ಎನ್ನುತ್ತದೆ. ಪರಿಭಾಷೆಯ ಈ ಭಿನ್ನಮತ ಪ್ರಬಂಧದ ವ್ಯಾಪ್ತಿಯ ಆಚೆಗಿದೆ.

2.0 ಸಂಪನ್ಮೂಲದ ವರ್ಗೀಕರಣ

ಹತ್ತಿ ಬಿಡಿಸುವ ದಿನಗಳಲ್ಲಿ ಬೆಳಿಗ್ಗೆ ಮಂತ್ರಾಲಯದ ರಸ್ತೆಯಲ್ಲಿ ನಿಂತು, ಕೂಲಿಯವರನ್ನು ಹೊತ್ತ ಮೂರು ಗಾಲಿಯ ಟಂಟಂಗಳನ್ನು ನೋಡಿದ ಯಾರಿಗಾದರೂ ಈ ವರ್ಗೀಕರಣ ತಾನಾಗಿ ಹೊಳೆಯುತ್ತದೆ.

2.1 ಅಗ್ರಗಣ್ಯ ಸಂಪನ್ಮೂಲ: ಟಂಟಂ ಡ್ರೈವರನ ಸೀಟಿನಲ್ಲಿ ಅರ್ಧ ಕುಂಡಿ ಊರಿದವರು. ನಾಯಕತ್ವ ಗುಣ ಅಪಾರ. ಬಲಗಾಲು ಒಳಗೆ, ಎಡಗಾಲು ಹೊರಗೆ.

2.2 ಆಂತರಿಕ ಸಂಪನ್ಮೂಲ: ಹಿಂದೆ ಕೂತ ಹೆಣ್ಣುಮಕ್ಕಳು, ಅವರ ಬುತ್ತಿಗಂಟು, ಒಂದೆರಡು ಕೂಸು. ಒಬ್ಬಾಕೆಯ ಮೊಣಕಾಲು ಇನ್ನೊಬ್ಬಾಕೆಯ ಬೆನ್ನಿಗೆ ಒತ್ತಿರುತ್ತದೆ. ಕಾರ್ಯಾಗಾರದಲ್ಲಿ ಬಲೂನು ಊದಿಸಿ ಕಲಿಸುವ ತಂಡಸ್ಫೂರ್ತಿ ಇಲ್ಲಿ ಬಲೂನಿಲ್ಲದೆ ಸಿದ್ಧಿಸುತ್ತದೆ.

2.3 ಲಂಬಮಾನ ಸಂಪನ್ಮೂಲ: ಹಿಂದಿನ ಕಂಬಿ ಹಿಡಿದು ಜೋತುಬಿದ್ದವರು.

2.4 ಊರ್ಧ್ವ ಸಂಪನ್ಮೂಲ: ಟಾಪಿನ ಮೇಲೆ ಕೂತವರು. ಇವರ ವೃತ್ತಿಜೀವನದ 'ಏರುಗತಿ' ಕುರಿತು ಒಂದು ಚೇಷ್ಟೆ ಬರೆದಿಟ್ಟಿದ್ದೆ. ಆದರೆ ಸೀಜನ್ನು ಬಂತೆಂದರೆ ಪೇಪರಿನ ಜಿಲ್ಲಾ ಪುಟದಲ್ಲಿ ಕೂಲಿಯವರ ಗಾಡಿ ಪಲ್ಟಿಯಾದ ಸುದ್ದಿಯೂ ಬರುತ್ತದೆ. ವರ್ಗೀಕರಣ ಇಷ್ಟಕ್ಕೆ ಸಾಕು.

3.0 ಕಾರ್ಯಕ್ಷಮತೆಯ ಮೌಲ್ಯಮಾಪನ

ಹತ್ತಿ ಬಿಡಿಸುವಾಕೆ ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ಹಾಕಿ, ಉಡಿ ಕಟ್ಟಿಕೊಂಡು ಸಾಲಿಗಿಳಿಯುತ್ತಾಳೆ. ಒಣಗಿ ಒಡೆದ ಕಾಯಿಯ ತುದಿ ಮುಳ್ಳಿನಷ್ಟೇ ಚೂಪು. ಉಗುರಿನ ಬುಡದಲ್ಲೇ ಚುಚ್ಚುತ್ತದೆ. ಸಂಜೆ ತೂಕ, ಕಿಲೋ ಲೆಕ್ಕದಲ್ಲಿ ಕೂಲಿ. ವಾರ್ಷಿಕ ಮೌಲ್ಯಮಾಪನಕ್ಕೆ ಕಾಯುವ ಪ್ರಮೇಯವೇ ಇಲ್ಲ. ಇಲ್ಲಿ ದಿನಾಲೂ ಅದೇ.

ಸರ್ಕಾರಿ ವಲಯದ ಮೌಲ್ಯಮಾಪನ ಇನ್ನೂ ಸೂಕ್ಷ್ಮ. 2006ರ ಫೆಬ್ರವರಿಯಲ್ಲಿ ಉದ್ಯೋಗ ಖಾತ್ರಿ ಕಾಯ್ದೆ ನರೇಗಾ ದೇಶದ 200 ಜಿಲ್ಲೆಗಳಲ್ಲಿ ಶುರುವಾದಾಗ ಅದರಲ್ಲಿ ರಾಯಚೂರೂ ಇತ್ತು. 2023ರ ಜನವರಿಯಿಂದ ಕೂಲಿಯವರ ಫೋಟೋವನ್ನು ದಿನಕ್ಕೆರಡು ಸಲ ಆ್ಯಪಿಗೆ ಏರಿಸುವುದು ಕಡ್ಡಾಯವಾಯಿತು. ಹೂಳೆತ್ತಿದ ಮಣ್ಣಿನದು ನಂತರದ ಮಾತು. ಮೊದಲು ನೆಟ್‌ವರ್ಕ್ ಬರಬೇಕು. ಅದು ಬರದಿದ್ದರೆ ದಿನವಿಡೀ ಸಲಿಕೆ ಹಿಡಿದವರೂ ಗೈರುಹಾಜರು. ಕೆಲಸ ಕೇಳಿದ 15 ದಿನದೊಳಗೆ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕೆಂದೂ ಅದೇ ಕಾಯ್ದೆ ಹೇಳಿತ್ತು. ಆ ಭತ್ಯೆ ಎಣಿಸಿಕೊಂಡವರು ಯಾರಾದರೂ ಸಿಕ್ಕಿದ್ದರೆ ಅವರ ಮೇಲೆ ಪ್ರತ್ಯೇಕ ಅಧ್ಯಾಯವನ್ನೇ ಬರೆಯುತ್ತಿದ್ದೆ.

4.0 ಸ್ಥಳಾಂತರ ನೀತಿ

ದೀಪಾವಳಿ ಕಳೆದ ಮೇಲೆ ದೇವದುರ್ಗದ ಹಳ್ಳಿಗಳಲ್ಲಿ ಬಾಗಿಲಿಗೆ ಬೀಗ ಬಿದ್ದಿರುತ್ತದೆ. ಕೇಳಿದರೆ 'ದುಡಿಯಾಕ ಹೋಗ್ಯಾರ್ರೀ' ಎಂದು ಕಟ್ಟೆಯ ಮೇಲಿನ ಮುದುಕಿ ಹೇಳುತ್ತಾಳೆ. ಅವಳ ಸುತ್ತ ಮೊಮ್ಮಕ್ಕಳು. ಇದು ಗುಳೆ. 1979ರಲ್ಲಿ ವಲಸೆ ಕಾರ್ಮಿಕರಿಗೆಂದೇ ಒಂದು ಕಾಯ್ದೆ ಬಂತು. ತಿಂಗಳ ಕೂಲಿಯ ಅರ್ಧದಷ್ಟು ಸ್ಥಳಾಂತರ ಭತ್ಯೆ, ಮೇಲೆ ಪ್ರಯಾಣದ ಖರ್ಚು ಕೊಡಬೇಕೆಂದು ಅದರಲ್ಲಿತ್ತು. ಆದರೆ ಅದು ಅಂತರರಾಜ್ಯ ವಲಸೆಗೆ ಮಾತ್ರವಾಗಿತ್ತು. ಗುತ್ತಿಗೆದಾರನ ಸಂಗಡ ಹೈದರಾಬಾದಿಗೆ ಹೋದವನು ಕಾಗದದ ಮೇಲಾದರೂ ವಲಸೆ ಕಾರ್ಮಿಕ. 400 ಕಿಲೋಮೀಟರ್ ದಾಟಿ ಬೆಂಗಳೂರಿನ ತಗಡಿನ ಶೆಡ್ಡಿಗೆ ಹೋದವನು? ಅವನು ಸ್ವಂತ ರಾಜ್ಯದಲ್ಲಿ ಸುಮ್ಮನೆ ಅಡ್ಡಾಡುತ್ತಿರುವ ಪ್ರಜೆ.

ಇಲ್ಲಿಂದ ಮುಂದೆ ಉಪಶೀರ್ಷಿಕೆಗಳಿಲ್ಲ. ನಂಬರು ಹಾಕುವ ತಾಳ್ಮೆ ನನಗೂ ಉಳಿದಿಲ್ಲ.

ದೇವದುರ್ಗ ಅತಿ ಹಿಂದುಳಿದ ತಾಲ್ಲೂಕು ಎಂದು ಪ್ರಾದೇಶಿಕ ಅಸಮತೋಲನ ಅಳೆದ ನಂಜುಂಡಪ್ಪ ಸಮಿತಿ 2002ರಲ್ಲೇ ಬರೆದುಕೊಟ್ಟಿತು. 2013ರಲ್ಲಿ ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಜಾರಿಗೆ ಬಂತು. ಹುದ್ದೆಗಳಲ್ಲಿ ಪಾಲು ಸಿಕ್ಕಿತು, ಖಾಲಿ ಹುದ್ದೆಗಳು ಖಾಲಿಯೇ ಉಳಿದವು. ಯರಗೇರಾಕ್ಕೆ ವಿಶ್ವವಿದ್ಯಾಲಯವೂ ಬಂದಿದೆ. ಅದರ ಮುಂದಿನ ರಸ್ತೆಯಲ್ಲೇ, ಕ್ಲಾಸು ಶುರುವಾಗುವ ಎಷ್ಟೋ ಮೊದಲು, ಆ ಟಂಟಂಗಳು ಹಾದುಹೋಗುತ್ತವೆ. ಒಂದರಲ್ಲಿ ಎಂಟನೇ ಕ್ಲಾಸಿಗೆ ಸಾಲಿ ಬಿಟ್ಟ ಹುಡುಗಿಯೊಬ್ಬಳಿರುತ್ತಾಳೆ. ಗುಂಪಿನ ಎಲ್ಲರ ಕಿಲೋ, ಕೂಲಿ, ಮುಂಗಡದ ಕಡಿತ ಅವಳ ತಲೆಯಲ್ಲೇ ಇರುತ್ತದೆ. ಮೇಸ್ತ್ರಿ ಮೊಬೈಲಿನಲ್ಲಿ ಗುಣಿಸಿ ಮುಗಿಸುವಷ್ಟರಲ್ಲಿ ಅವಳು ಅವನ ತಪ್ಪು ಹೇಳಿರುತ್ತಾಳೆ. ಪ್ರತಿಭಾ ಪೋಷಣೆಯ ಯಾವ ಯೋಜನೆಗೂ ಈ ಹುಡುಗಿ ಸಿಕ್ಕಿಲ್ಲ. ಸಿಗುವುದೂ ಇಲ್ಲ, ಏಕೆಂದರೆ ಯೋಜನೆ ಹತ್ತೂವರೆಗೆ ಆಫೀಸು ತೆರೆಯುತ್ತದೆ.

ಆ ಕಾರ್ಯಾಗಾರದ ತರಬೇತುದಾರರು ಕರಿ ಬೂಟು ಹಾಕಿಕೊಂಡು, ಕಾಲರ್ ಮೈಕ್ ಸರಿಪಡಿಸಿಕೊಂಡು, 'ಮೊದಲು ನಿಮ್ಮ ಕಂಫರ್ಟ್ ಜೋನಿನಿಂದ ಹೊರಗೆ ಬನ್ನಿ' ಎಂದರು. ಮುಂದೆ ಕೂತವರಲ್ಲಿ ಅರ್ಧಕ್ಕರ್ಧ ಮಂದಿ ಗುಳೆ ಹೋಗಿ ಬಂದವರು. ಯಾವ ಕಂಫರ್ಟು ಸ್ವಾಮಿ? ಎದ್ದು ಕೇಳಬೇಕೆನ್ನಿಸಿತು. ಕೈಯಲ್ಲಿ ಅವರದೇ ಬಿಸ್ಕೀಟಿತ್ತು, ಸುಮ್ಮನಾದೆ.

ಕೊನೆಗೆ ಒಬ್ಬೊಬ್ಬರನ್ನೇ ಎಬ್ಬಿಸಿ, ಐದು ವರ್ಷದ ನಂತರ ನೀವು ಎಲ್ಲಿರಬೇಕೆಂದು ಕನಸು ಕಾಣುತ್ತೀರಿ ಎಂದು ಕೇಳಿದರು. ಮಹಿಳಾ ಸಂಘದ ಹೆಣ್ಣುಮಗಳೊಬ್ಬಳು ಸೆರಗು ಸರಿಮಾಡಿಕೊಂಡು ಎದ್ದಳು.

'ಇಲ್ಲೇರೀ ಸರ, ಊರಾಗ. ಹುಡುಗ್ರ ಸಂಗಾಟ.'

ತರಬೇತುದಾರರು ನಕ್ಕು, ಫಾರ್ಮಿನಲ್ಲಿ ಅವಳ ಹೆಸರಿನ ಮುಂದೆ 'ಮಹತ್ವಾಕಾಂಕ್ಷೆಯ ಕೊರತೆ' ಎಂದು ಬರೆದುಕೊಂಡರು. ನೀತಿ ಆಯೋಗದ ದಾಖಲೆಯಲ್ಲಿ 2018ರಿಂದಲೂ ರಾಯಚೂರು ಮಹತ್ವಾಕಾಂಕ್ಷಿ ಜಿಲ್ಲೆ.