ಎರಡು ಜಿಲ್ಲೆಯ ವಾಕಿಂಗ್ ತಾತ

ತೊಪ್ಪೂರಿನಲ್ಲಿ ವಾಕಿಂಗ್ ತಾತನ ಮನೆ ಎಲ್ಲಿ ಎಂದು ಕೇಳಿ ನೋಡಿ, ಜನ ಟೀ ಅಂಗಡಿಯ ಬೆಂಚು ತೋರಿಸುತ್ತಾರೆ. ಇಂಥವರು ಊರಿಗೊಬ್ಬರು ಇದ್ದೇ ಇರುತ್ತಾರೆ. ನಮ್ಮ ತಾತನಿಗೆ ಭೂಗೋಳದ ಸಹಾಯವೂ ಉಂಟು. ಧರ್ಮಪುರಿ ಜಿಲ್ಲೆ ಮುಗಿದು ಸೇಲಂ ಜಿಲ್ಲೆ ಶುರುವಾಗುವ ಕಡೆ ವಾಸ. ಹಾಗಾಗಿ "ದಿನಾ ಬೆಳಿಗ್ಗೆ ಎರಡು ಜಿಲ್ಲೆ ನಡೀತೀನಿ" ಎಂದು ಎದೆ ತಟ್ಟಿ ಹೇಳಬಲ್ಲರು.

ದೇವಾಂಗರ ಮನೆತನ. ಗುಂಡಿ ಮಗ್ಗದಲ್ಲಿ ಕಾಲಿಳಿಬಿಟ್ಟು ದುಡಿದವರು. ಈಗ ಪಂಚೆಯ ಕೆಳಗೆ, ಬೆಂಗಳೂರಿನ ಮಗ ಕಳಿಸಿದ ಬೆಳ್ಳನೆಯ ಶೂ. ಮಣಿಕಟ್ಟಿಗೆ ಹೆಜ್ಜೆ ಎಣಿಸುವ ವಾಚು. ಭಾಷಣ ಮಾಡುವಾಗ ತಾತ ಕೈಬೀಸುತ್ತಾರೆ, ವಾಚು ಅದನ್ನೂ ಹೆಜ್ಜೆಯೆಂದೇ ಬರೆದುಕೊಳ್ಳುತ್ತದೆ. ಹತ್ತು ಸಾವಿರ ದಾಟದೆ ಮನೆಗೆ ಹೋಗುವುದಿಲ್ಲವೆಂಬ ವ್ರತ. ಆ ಹತ್ತು ಸಾವಿರ, 1965ರ ಹೊತ್ತಿಗೆ ಜಪಾನಿನ ಕಂಪನಿಯೊಂದು ತನ್ನ ಹೆಜ್ಜೆಯೆಣಿಕೆ ಯಂತ್ರ ಮಾರಲು ಹಿಡಿದ ಸಂಖ್ಯೆ ಎಂದು ಹೇಳುವ ಧೈರ್ಯ ಯಾರಿಗಿದೆ?

ತೊಪ್ಪೂರು ಘಾಟಿಯ ದಾರಿಯಲ್ಲಿ ಟೀಗೆ ನಿಂತ ಕೋಲಾರದ ಲಾರಿ ಡ್ರೈವರು ಒಂದು ದಿನ ತಾತನ ಕೈಗೆ ಸಿಕ್ಕಿಬಿದ್ದ.

"2011ರಲ್ಲಿ ಅಮೆರಿಕದಲ್ಲಿ 120 ಮಂದಿ ವಯಸ್ಸಾದವರನ್ನ ಪರೀಕ್ಷೆ ಮಾಡಿದ್ರಪ್ಪ. ವರ್ಷವಿಡೀ ನಡೆದವರಿಗೆ ಮೆದುಳಲ್ಲಿ ನೆನಪು ನೋಡ್ಕೊಳ್ಳೋ ಹಿಪ್ಪೊಕ್ಯಾಂಪಸ್ಸು ಶೇಕಡಾ 2ರಷ್ಟು ಬೆಳೀತು! ಬರೀ ಮೈಮುರಿದು ಚಾಚಿದವರದು ಕುಗ್ತು!" ಬಲಗೈ ಎರಡು ಸುತ್ತು ಸುತ್ತಿತು.

"ನಾವು ದಿನವೆಲ್ಲ ಕೂತೇ ಇರ್ತೀವಲ್ಲ ತಾತ?"

"ಲಂಡನ್ ಬಸ್ಸಿನ ಡ್ರೈವರುಗಳದೂ ಅದೇ ಪಾಡು. ಮೆಟ್ಟಿಲು ಹತ್ತಿ ಇಳಿಯೋ ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಡಿಮೆ ಅಂತ 1953ರಲ್ಲೇ ಮಾರಿಸ್ ಅನ್ನೋ ಡಾಕ್ಟರು ಬರೆದುಬಿಟ್ಟ."

ಡ್ರೈವರು ಟೈರು ತಟ್ಟುತ್ತಿದ್ದ ಕ್ಲೀನರನ್ನು ಹೊಟ್ಟೆಕಿಚ್ಚಿನಿಂದ ನೋಡಿದ.

ಅಷ್ಟರಲ್ಲಿ ಅಜ್ಜಿ ಬಂದರು, ತಲೆ ಮೇಲೆ ಹುಲ್ಲಿನ ಹೊರೆ. ಕೊಟ್ಟಿಗೆ ಗುಡಿಸಿ, ನೀರು ಹೊತ್ತು, ಹೊಲಕ್ಕೆ ಹೋಗಿ ಬರುವ ಅವರಿಗೆ ವಾಕಿಂಗ್ ಗೊತ್ತಿಲ್ಲ, ಪುರುಸೊತ್ತೂ ಇಲ್ಲ. ಹೊರೆ ಇಳಿಸದೆಯೇ ಅಂಗಡಿಯವನಿಗೆ ಲೆಕ್ಕ ಒಪ್ಪಿಸಿದರು: "ಮೊನ್ನೆ ಮೂರು ಟೀ, ನಿನ್ನೆ ನಾಲ್ಕು, ಎರಡು ವಡೆ. ಹೋದ ವಾರ ನೂರರ ನೋಟಿಗೆ ನೀನು ಹನ್ನೆರಡು ರೂಪಾಯಿ ಚಿಲ್ಲರೆ ಕೊಟ್ಟಿಲ್ಲ." ಅಂಗಡಿಯವನು ಪುಸ್ತಕ ತೆಗೆದು ನೋಡಿ, ತೆಪ್ಪಗೆ ಮುಚ್ಚಿಟ್ಟ.

"ಏನ್ರೀ, ಮಾತ್ರೆ ತಗೊಂಡ್ರಾ?"

ತಾತ ಆಕಾಶ ನೋಡಿದರು, ಜೇಬು ತಡವಿದರು.

"ನಡೀರಿ ಮನೆಗೆ."

"ಇರೇ, ಇನ್ನೂ ಮುನ್ನೂರು ಹೆಜ್ಜೆ ಬಾಕಿ ಇದೆ" ಎಂದು ತಾತ ಬೆಂಚಿನ ಮೇಲೆ ಸರಿಯಾಗಿ ಕೂತು, ಡ್ರೈವರ ಕಡೆ ತಿರುಗಿ ಕೈಯೆತ್ತಿದರು.